ಹೆಗಲಳತೆ

ಅವನಿಗೆ ಹೆಗಲಿರಲಿಲ್ಲ.

ಕುತ್ತಿಗೆಯಿಂದ ಹೊರಟದ್ದು ಎಲ್ಲೂ ಒಂದು ಗಳಿಗೆ ನಿಲ್ಲದೆ ಸೀದಾ ತೋಳಿಗೆ ಇಳಿದುಬಿಡುತ್ತಿತ್ತು. ಶಾಲೆಯ ಚೀಲ ಜಾರುತ್ತಿತ್ತು. ಗೆಳೆಯರು ಹಾಕಿದ ಕೈ ಜಾರುತ್ತಿತ್ತು. ಮೊದಲ ಕೆಲಸದ ಸಂದರ್ಶನಕ್ಕೆಂದು ಅಣ್ಣನ ಹಳೆಯ ಕೋಟನ್ನು ಸರಿಮಾಡಿಸಲು ಹೋದಾಗ ದರ್ಜಿ ಟೇಪು ಇಟ್ಟು ನೋಡಿ, ತೆಗೆದು, ಮತ್ತೆ ಇಟ್ಟು, "ಇದನ್ನ ನಿಮ್ಮಳತೆಗೆ ಇಳಿಸಿದ್ರೆ ಕೋಟೇ ಉಳಿಯಲ್ಲ ಸರ್. ಒಳಗೆ ಹತ್ತಿ ಇಟ್ಬಿಡೋಣ, ಯಾರಿಗೂ ಗೊತ್ತಾಗಲ್ಲ" ಎಂದಿದ್ದ. ಗೊತ್ತಾಗಲಿಲ್ಲ. ಕೆಲಸ ಸಿಕ್ಕಿತು. ಹತ್ತಿಗೆ ಸಿಕ್ಕಿತೋ ತನಗೆ ಸಿಕ್ಕಿತೋ ಎಂಬ ಅನುಮಾನ ಮಾತ್ರ ಇಷ್ಟು ವರ್ಷವಾದರೂ ಹೋಗಿರಲಿಲ್ಲ.

ಮನೆಯಲ್ಲಿ ಅವನನ್ನು ಸೀಸೆ ಎನ್ನುತ್ತಿದ್ದರು. ಹಾಗೆ ಹೆಸರಿಟ್ಟವನು ಅಣ್ಣ.

ಈ ಭಾನುವಾರ ಬೆಳಿಗ್ಗೆ ಅವನು ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು, ಎರಡೂ ಕೈ ಮೇಲೆತ್ತಿ, ತಾನೇ ಮಾಡಿದ ಕವಚದೊಳಗೆ ಸೊಂಟದ ಬಾಯಿಯಿಂದ ತಲೆ ತೂರಿಸುತ್ತಿದ್ದ. ಒಳಗೆ ಒಂದು ಗಳಿಗೆ ಕತ್ತಲು. ರೆಸಿನ್ನಿನ ವಾಸನೆ. ತನ್ನದೇ ಉಸಿರು ತನ್ನ ಕಿವಿಗೇ ಬಡಿಯುವ ಸದ್ದು. ಆಮೇಲೆ ತಲೆ ಕುತ್ತಿಗೆಯ ಕಂಡಿಯಿಂದ ಹೊರಬಂತು, ಕೈಗಳು ತೋಳಿನ ಕಂಡಿಗಳಿಂದ ಹೊರಬಂದವು, ಕವಚ ಮೈಮೇಲೆ ಜಾರಿ ಕೂರಬೇಕಾದಲ್ಲಿ ಕೂತಿತು.

ಕನ್ನಡಿಯಲ್ಲಿ ನಿಂತವನಿಗೆ ಹೆಗಲಿತ್ತು.

ಅಂಥಿಂಥ ಹೆಗಲಲ್ಲ. ಪದರ ಪದರವಾಗಿ ಏರಿ, ಅಂಚಿನಲ್ಲಿ ಹೊರಕ್ಕೆ ಬಾಗಿ, ಕಿಟಕಿಯ ಬೆಳಕನ್ನು ಹಿಡಿದು ನಿಲ್ಲಿಸಿಕೊಂಡ ಹೆಗಲು. ಮಂಕು ಬೆಳ್ಳಿಯ ಬಣ್ಣ ಬಳಿದು, ಸಂದುಗಳಲ್ಲಿ ಕಪ್ಪು ತಿಕ್ಕಿ, ಎಷ್ಟೋ ಯುದ್ಧ ಕಂಡ ಲೋಹದ ಹಾಗೆ ಮಾಡಿದ್ದ. ಯುದ್ಧವಿರಲಿ, ಅವನು ಬಸ್ಸಿನಲ್ಲಿ ಸೀಟಿಗಾಗಿ ಜಗಳವಾಡಿದವನೂ ಅಲ್ಲ.

ಇದೆಲ್ಲ ಕಾಗದ ಎಂದು ನೆನೆದಾಗಲೆಲ್ಲ ಅವನ ಮೈ ಜುಮ್ಮೆನ್ನುತ್ತಿತ್ತು. ಕಂಪ್ಯೂಟರಿನಲ್ಲಿ ಬಿಡಿಸಿದ ಆಕೃತಿಯನ್ನು ಚಪ್ಪಟೆ ತುಂಡುಗಳಾಗಿ ಬಿಚ್ಚಿ, ದಪ್ಪ ಹಾಳೆಯ ಮೇಲೆ ಮುದ್ರಿಸಿ, ಕತ್ತರಿಸಿ, ಚುಕ್ಕೆಗೆರೆ ಇದ್ದಲ್ಲಿ ಒಳಕ್ಕೆ, ತುಂಡುಗೆರೆ ಇದ್ದಲ್ಲಿ ಹೊರಕ್ಕೆ ಮಡಿಸಿ, ಅಂಚಿಗೆ ಅಂಚು ಅಂಟಿಸಿದರೆ ಹಾಳೆಗೆ ಎದೆ ಬರುತ್ತದೆ. ಊದಿದರೆ ಕುಸಿಯುವ ಎದೆ. ಅದರ ಮೇಲೆ ರೆಸಿನ್ ಎಂಬ ಅಂಟುದ್ರವಕ್ಕೆ ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಿ ತೆಳ್ಳಗೆ ಬಳಿಯಬೇಕು. ದಪ್ಪ ಬಳಿದರೆ ಕಾಗದ ಸೊಟ್ಟಗಾಗುತ್ತದೆ. ಹಾರ್ಡನರ್ ನಾಲ್ಕು ಹನಿ ಹೆಚ್ಚಾದರೆ ಬಟ್ಟಲಲ್ಲೇ ಹೊಗೆಯಾಡಿ ಕಲ್ಲಾಗುತ್ತದೆ. ಒಳಗಡೆ ಗಾಜಿನ ನಾರಿನ ಬಟ್ಟೆ ಹಾಸಿ ಮತ್ತೆ ರೆಸಿನ್. ಹೊರಗಡೆ ಉಬ್ಬುತಗ್ಗು ಮುಚ್ಚಲು ಪುಟ್ಟಿ. ಆಮೇಲೆ ಉಪ್ಪುಕಾಗದ ಹಿಡಿದು ಉಜ್ಜುವುದು, ಉಜ್ಜುವುದು, ಉಜ್ಜುವುದು. ಉಜ್ಜಿ ಉಜ್ಜಿ ಅವನ ಬೆರಳುಗಳ ರೇಖೆ ಸವೆದು, ಆಫೀಸಿನ ಹಾಜರಿ ಯಂತ್ರ ಅವನನ್ನು ಗುರುತಿಸುವುದನ್ನೇ ಬಿಟ್ಟಿತ್ತು. ಎರಡು ಸಲ ಬೆರಳಿಟ್ಟರೂ 'ಮತ್ತೆ ಪ್ರಯತ್ನಿಸಿ' ಎನ್ನುತ್ತಿತ್ತು. ಸಹೋದ್ಯೋಗಿಗಳು ನಗುತ್ತಿದ್ದರು. ಅವನಿಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು.

ಆಫೀಸಿನಲ್ಲಿ ಅವನದು ವಿಮೆಯ ನಷ್ಟ ಅಂದಾಜು ಮಾಡುವ ಕೆಲಸ. ಸುಟ್ಟ ಅಂಗಡಿ, ಕುಸಿದ ಗೋದಾಮು, ನಜ್ಜುಗುಜ್ಜಾದ ಲಾರಿ. ಅವನು ಹೋಗಿ, ಅವುಗಳ ಎದುರು ನಿಂತು, ಹೋದದ್ದೇನು, ಉಳಿದದ್ದೇನು ಎಂದು ಎಣಿಸಿ ಬರೆಯುತ್ತಿದ್ದ. ವರದಿಯ ಕೊನೆಯ ಸಾಲು ಹೋದ ಮನುಷ್ಯರದು. ಸಾಮಾನ್ಯವಾಗಿ ಅಲ್ಲಿ 'ಇಲ್ಲ' ಎಂದು ಬರೆದರೆ ಕೆಲಸ ಮುಗಿಯುತ್ತಿತ್ತು. ಮುರಿದದ್ದನ್ನು ನೋಡುವುದರಲ್ಲೇ ಆಯುಷ್ಯ ಕಳೆದವನ ಬಳಿ, ಇದು ನಾನು ಮಾಡಿದ್ದು ಎಂದು ತೋರಿಸಲು ಒಂದು ಪೆನ್ನು ಸ್ಟ್ಯಾಂಡೂ ಇರಲಿಲ್ಲ. ಇವತ್ತು ಇತ್ತು.

ಸಂಜೆ ಪ್ರದರ್ಶನ ಭವನದಲ್ಲಿ ಸ್ವಂತ ಕೈಯಿಂದ ವೇಷ ಮಾಡಿದವರ ಸ್ಪರ್ಧೆ. ವೇದಿಕೆಯ ಈ ತುದಿಯಿಂದ ಆ ತುದಿಗೆ ನಡೆಯಬೇಕು, ಅಷ್ಟೇ. ಅಷ್ಟನ್ನು ಅವನು ಮನಸ್ಸಿನಲ್ಲಿ ಎಷ್ಟು ಸಲ ನಡೆದಿದ್ದನೆಂದರೆ, ಆ ಹಲಗೆಗಳು ಎಲ್ಲಿ ಕಿರುಗುಟ್ಟುತ್ತವೆ ಎಂಬುದೂ ಗೊತ್ತಿದ್ದಂತಿತ್ತು.

ತೀರ್ಪುಗಾರರು ಮೊದಲು ಹುಡುಕುವುದು ಜೋಡಣೆಯನ್ನು. ಎಲ್ಲರೂ ಎದೆ ಬೇರೆ, ಬೆನ್ನು ಬೇರೆ ಮಾಡಿ ಪಕ್ಕೆಯಲ್ಲಿ ಪಟ್ಟಿ ಬಿಗಿಯುತ್ತಾರೆ. ಎಷ್ಟು ಅಡಗಿಸಿದರೂ ಆ ಪಟ್ಟಿ ಕಾಣುತ್ತದೆ. ಕಂಡ ಕೂಡಲೇ ಲೋಹ ಹೋಗಿ ಆಟಿಕೆಯಾಗುತ್ತದೆ. ಅವನು ಎದೆ, ಬೆನ್ನು, ಹೆಗಲು ಎಲ್ಲವನ್ನೂ ಒಂದೇ ಚಿಪ್ಪಾಗಿ ಮಾಡಿದ್ದ. ಎಲ್ಲೂ ಒಂದು ಸಂದಿಲ್ಲ. ಇಂಥದ್ದನ್ನು ಮಾಡುವವರು ಮಾತಾಡಿಕೊಳ್ಳುವ ಇಂಟರ್ನೆಟ್ ಗುಂಪಿನಲ್ಲಿ ಚಿತ್ರ ಹಾಕಿದಾಗ ಒಬ್ಬ ಕೇಳಿದ್ದ: ಚೆನ್ನಾಗಿದೆ ಗುರು, ಆದರೆ ಹಾಕಿಕೊಳ್ಳುವುದು ಹೇಗೆ, ಬಿಚ್ಚುವುದು ಹೇಗೆ? ಬನಿಯನ್ನಿನ ಹಾಗೆ ಎಂದು ಅವನು ಉತ್ತರ ಬರೆದಿದ್ದ. ಯಾರೂ ನಂಬಿರಲಿಲ್ಲ. ಹೆಗಲಿದ್ದವರು ನಂಬುವುದಾದರೂ ಹೇಗೆ? ಆ ಕಿರಿದಾದ ಸೊಂಟದ ಬಾಯಿಯಿಂದ ನುಸುಳಲು ಸೀಸೆಯಂಥ ಮೈಯೇ ಬೇಕು. ಇಲ್ಲದ ಹೆಗಲು ಜೀವನದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂದಿತ್ತು.

ಒಂದೇ ಒಂದು ಕಡೆ ಸ್ವಲ್ಪ ಸಡಿಲ. ಎದೆ, ಸೊಂಟ, ತೋಳು ಎಲ್ಲವನ್ನೂ ಒಬ್ಬನೇ ಅಳೆದುಕೊಳ್ಳಬಹುದು. ಬೆನ್ನ ಹಿಂದೆ ಟೇಪು ಹಿಡಿದು ಹೆಗಲಳತೆಯನ್ನು ಮಾತ್ರ ತೆಗೆದುಕೊಳ್ಳಲು ಬರುವುದಿಲ್ಲ. ಕನ್ನಡಿಯ ಮುಂದೆ ಒದ್ದಾಡುತ್ತಿದ್ದಾಗ ಹೆಂಡತಿ ಬಂದು, "ನಾನು ಹಿಡೀಲಾ?" ಎಂದಿದ್ದಳು. "ಬೇಡ" ಎಂದಿದ್ದ. ಅವಳು ಆಸ್ಪತ್ರೆಯಲ್ಲಿ ಔಷಧ ಕೊಡುವವಳು. ಅಳತೆಯನ್ನು ಗಟ್ಟಿಯಾಗಿ ಓದಿ ಹೇಳುವುದು ಅವಳ ಅಭ್ಯಾಸ. ಅವಳು ಹೋದಮೇಲೆ ಬೀರುವಿನಿಂದ ಸಂದರ್ಶನದ ಆ ಕೋಟನ್ನು ತೆಗೆದು, ಹಾಸಿಗೆಯ ಮೇಲೆ ಹರಡಿ, ಈ ಹೊಲಿಗೆಯಿಂದ ಆ ಹೊಲಿಗೆಗೆ ಅಳೆದಿದ್ದ. ಕೋಟು ತನ್ನದೇ. ಇಷ್ಟು ವರ್ಷ ತೊಟ್ಟಿದ್ದೇನಲ್ಲ. ಈಗ ಆ ಸಡಿಲಿಗೆ ಒಳಗಿನಿಂದ ಆರು ತುಂಡು ಸ್ಪಂಜು ಅಂಟಿಸಿದ್ದ.

ಬಾಗಿಲು ತಟ್ಟಿದ ಸದ್ದಾಯಿತು.

"ತಿಂಡಿ ಆರಿಹೋಗ್ತಿದೆ."

"ಬಂದೆ. ಒಂದ್ನಿಮಿಷ ಒಳಗೆ ಬಾ."

ಹೆಂಡತಿ ಬಾಗಿಲಲ್ಲೇ ನಿಂತಳು. ಕೋಣೆಯೊಳಗೆ ಬರುವಾಗ ಮೂಗಿನ ಮೇಲೆ ಸೆರಗು ಹಿಡಿಯುವುದು ಅವಳಿಗೆ ಈಗ ಯೋಚಿಸದೆ ಬರುವ ಅಭ್ಯಾಸವಾಗಿತ್ತು.

"ಚೆನ್ನಾಗಿದೆ."

"ಏನು ಚೆನ್ನಾಗಿದೆ?"

"ಬಣ್ಣ."

"ಮತ್ತೆ?"

"ಎಲ್ಲಾನೂ."

ಅವನು ಪಕ್ಕಕ್ಕೆ ತಿರುಗಿದ, ಹೆಗಲಿನ ಅಂಚು ಕಾಣಲೆಂದು. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು.

"ಸಂಜೆ ಬರ್ತೀಯಾ?"

"ನಂಗೆ ಮಧ್ಯಾಹ್ನದ ಶಿಫ್ಟು."

"ಬದಲಾಯಿಸ್ಕೊಳ್ಳೋಕೆ ಆಗಲ್ವಾ?"

"ಆಗ್ತಿತ್ತು. ಮೊದಲೇ ಹೇಳಿದ್ರೆ."

"ಹೇಳಿದ್ದೆ ಅನ್ಸುತ್ತೆ."

"ವಾಸನೆ ಬಂದ್ರೆ ಕಿಟಕಿ ತೆಗಿ ಅಂದಿದ್ರಿ. ಅಷ್ಟೇ ಹೇಳಿದ್ದು." ಅವಳ ದನಿಯಲ್ಲಿ ಜಗಳವಿರಲಿಲ್ಲ. "ಅತ್ತೆ, ಭಾವ ಊಟಕ್ಕೆ ಬರ್ತಿದ್ದಾರೆ."

"ಇವತ್ತೇ?"

"ನೀವು ಏನೋ ದೊಡ್ಡದು ಮಾಡಿದ್ದೀರಂತೆ. ನೋಡೋಕೆ."

ಅವಳು ಹೋದಳು. ಅವನು ಕೈಯೆತ್ತಿ, ಬಗ್ಗಿ, ಕವಚವನ್ನು ಕೆಳಕ್ಕೆ ಜಾರಿಸಿ ಹೊರಬಂದ. ಒಂದು ಗೀರೂ ಬೀಳಲಿಲ್ಲ. ಬನಿಯನ್ನು ಕೂಡ ಇಷ್ಟು ಸಲೀಸಾಗಿ ಬರುವುದಿಲ್ಲ.

ಅಣ್ಣ ಬಂದರೆ ಮನೆಯೇ ಚಿಕ್ಕದಾಗುತ್ತಿತ್ತು. ಅವನದು ಡ್ರೈವಿಂಗ್ ಸ್ಕೂಲು. ದಿನವಿಡೀ ಕಲಿಯುವವರ ಪಕ್ಕ ಕೂತು ಬ್ರೇಕು ಒತ್ತಿ ಒತ್ತಿ, ಮನೆಯಲ್ಲಿ ಕುರ್ಚಿಯ ಮೇಲೆ ಕೂತಾಗಲೂ, ಯಾರಾದರೂ ಜೋರಾಗಿ ಮಾತಾಡಿದರೆ, ಅವನ ಬಲಗಾಲು ನೆಲವನ್ನು ಒತ್ತುತ್ತಿತ್ತು. ಅಮ್ಮ ಅವನ ಹಿಂದೆ ಮೆಲ್ಲಗೆ ಒಳಗೆ ಬಂದಳು. ಅಪ್ಪ ಹೋದಮೇಲೆ ಅವಳು ಇರುವುದು ಅಣ್ಣನ ಮನೆಯಲ್ಲಿ.

"ಎಲ್ಲಿದೆಯೋ ಸೀಸೆ, ನಿನ್ನ ತಗಡು?"

"ತಗಡಲ್ಲ. ಕಾಗದ."

ಅಣ್ಣ ಕವಚದ ಎದೆಗೆ ಬೆರಳಗಂಟಿನಿಂದ ಬಡಿದ. ಟಕ್ ಟಕ್. ಮತ್ತೊಮ್ಮೆ ಬಡಿದ.

"ಸುಳ್ಳು ಹೇಳ್ಬೇಡ."

"ಕಾಗದ, ಮೇಲೆ ರೆಸಿನ್. ಒಳಗೆ ನಾರು."

"ನಮ್ಮ ಸ್ಕೂಲಿನ ಕಾರಿನ ಬಾನೆಟ್ಟಿಗಿಂತ ಗಟ್ಟಿ ಇದೆಯಲ್ಲೋ." ಅಣ್ಣ ಬಗ್ಗಿ ಒಳಗೆ ಇಣುಕಿದ. "ಜೋಡಿಸಿದ್ದು ಎಲ್ಲಿ?"

"ಹುಡುಕು."

ಅಣ್ಣ ಹುಡುಕಿದ. ಅಂಗೈ ಹಾಸಿ, ಹಳೆಯ ಕಾರು ಕೊಳ್ಳುವಾಗ ಬಡಿದು ನೇರಮಾಡಿದ ಗುರುತು ಹುಡುಕುವವನಂತೆ, ಪಕ್ಕೆಯುದ್ದಕ್ಕೂ ಸವರಿದ. ಸಿಗಲಿಲ್ಲ. ಎದ್ದು ನಿಂತು ತಮ್ಮನನ್ನು ನೋಡಿದ. ಆ ನೋಟವನ್ನು ಅವನು ಅಣ್ಣನ ಮುಖದಲ್ಲಿ ಹಿಂದೆ ಕಂಡಿದ್ದ. ಆದರೆ ಆಗೆಲ್ಲ ಅಣ್ಣ ಬೇರೆ ಯಾರನ್ನೋ ನೋಡುತ್ತಿದ್ದ.

"ಒಂದ್ಸಲ ಹಾಕ್ಕೊಳ್ಲೇನೋ?"

ಆಗುವುದಿಲ್ಲ ಎನ್ನಬೇಕಿತ್ತು. ಅದು ಅವನಿಗೆ ಗೊತ್ತಿತ್ತು. ಆಗುವುದಿಲ್ಲ, ನಿನಗೆ ಹೆಗಲಿದೆ. ಆದರೆ ಹಾಗೆಂದರೆ ತನಗೆ ಹೇಗೆ ಆಗುತ್ತದೆ ಎಂದೂ ಹೇಳಬೇಕಾಗುತ್ತಿತ್ತು. ಅದೂ ಅಲ್ಲದೆ, ಇಷ್ಟು ತಿಂಗಳಲ್ಲಿ ಅವನು ಕವಚವನ್ನು ಒಂದೋ ಖಾಲಿಯಾಗಿ ನೋಡಿದ್ದ, ಇಲ್ಲವೇ ಕನ್ನಡಿಯಲ್ಲಿ ನೋಡಿದ್ದ. ಅದು ನಡೆಯುವುದನ್ನು ನೋಡಿರಲಿಲ್ಲ.

"ಕೈ ಪೂರ್ತಿ ಮೇಲೆತ್ತು. ಉಸಿರು ಬಿಡು. ಇನ್ನೂ ಬಿಡು."

ಅವನು ಮೇಲಿನಿಂದ ಕವಚವನ್ನು ಒತ್ತಿದ, ಅಣ್ಣ ಕೆಳಗಿನಿಂದ ನುಗ್ಗಿದ. ಏನೋ ಹರಿದಂಥ ಸದ್ದು. ಅಂಟಿಸಿದ್ದ ಸ್ಪಂಜುಗಳು ಒಂದೊಂದಾಗಿ ನೆಲಕ್ಕೆ ಉದುರಿದವು. ಆಮೇಲೆ ಅಣ್ಣನ ತಲೆ ಹೊರಬಂತು, ತೋಳು ಹೊರಬಂದವು, ಎರಡೂ ಹೆಗಲು ತಮ್ಮ ತಮ್ಮ ಗೂಡಿನಲ್ಲಿ ಕೂತವು.

ಎರಕ ಹೊಯ್ದಂತಿತ್ತು. ಎಲ್ಲೂ ಒಂದು ಎಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ. ತನ್ನ ಮೈಮೇಲೆ ಕವಚ ಇರುತ್ತಿತ್ತು; ಅಣ್ಣನ ಮೈಮೇಲೆ ಅದು ಇದೆ ಎನಿಸುತ್ತಲೇ ಇರಲಿಲ್ಲ, ಅಣ್ಣನೇ ಹಾಗೆ ಹುಟ್ಟಿದ್ದ. ಅವನು ಎರಡು ಹೆಜ್ಜೆ ಹಿಂದೆ ಸರಿದ. ಅಸೂಯೆ ಬರುತ್ತದೆಂದು ಕಾದ. ಬರಲಿಲ್ಲ. ಬಂದದ್ದು ಹೆಮ್ಮೆ. ಇದನ್ನು ನಾನು ಮಾಡಿದೆ. ಈ ಮನುಷ್ಯನನ್ನು ನಾನು ಮಾಡಿದೆ.

"ನಿಮ್ಮಪ್ಪ ನಿಂತ ಹಾಗೇ ಇದೆ," ಎಂದಳು ಅಮ್ಮ. ಹೇಳಿದ್ದು ಅಣ್ಣನಿಗೆ.

ಹೆಂಡತಿ ಫೋನು ತಂದು ಫೋಟೋ ತೆಗೆದಳು. ಮೂಗಿನ ಮೇಲಿನ ಸೆರಗು ಜಾರಿದ್ದು ಅವಳಿಗೆ ಗೊತ್ತಾಗಲಿಲ್ಲ. ತೆಗೆದ ಚಿತ್ರವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು.

"ಅಳತೆ ಸರಿಯಾಗಿದೆ," ಎಂದಳು.

"ಹೂಂ," ಎಂದ ಅವನು.

ಅಣ್ಣ ಬೀದಿಗೆ ಇಳಿದ. ಸೈಕಲ್ಲಿನವನೊಬ್ಬ ಕಾಲು ಊರಿ ನಿಂತ. ಎದುರು ಮನೆಯ ನಿವೃತ್ತ ಹೆಡ್‌ಮಾಸ್ತರು ಪತ್ರಿಕೆ ಮಡಿಸಿ ಗೇಟಿನ ತನಕ ಬಂದರು.

"ಯಾರು ಮಾಡಿದ್ದಪ್ಪ ಇದು?"

"ನನ್ನ ತಮ್ಮ ಸಾರ್. ಬರೀ ಪೇಪರಿನಲ್ಲಿ. ಬಡಿದು ನೋಡಿ, ಬಡೀರಿ ಪರವಾಗಿಲ್ಲ."

ಹೆಡ್‌ಮಾಸ್ತರು ಬಡಿದು ನೋಡಿದರು. ತಲೆದೂಗಿದರು. "ಭೇಷ್" ಎಂದು ಅಣ್ಣನ ಕೈ ಕುಲುಕಿದರು. ತಮ್ಮನ ಕಡೆಗೂ ಒಮ್ಮೆ ನೋಡಿ ಕತ್ತು ಆಡಿಸಿದರು, ಅಂಗಡಿಯಲ್ಲಿ ಸಾಮಾನು ಕೊಂಡು ಚೀಲ ಹಿಡಿದವನ ಕಡೆ ನೋಡುವ ಹಾಗೆ. ಅದೂ ಅವನಿಗೆ ಸಾಕಿತ್ತು. ಅಣ್ಣ ನಾಲ್ಕು ಜನರ ಮುಂದೆ 'ನನ್ನ ತಮ್ಮ' ಎಂದಿದ್ದ. 'ನಮ್ಮ ಸೀಸೆ' ಎಂದಿರಲಿಲ್ಲ.

"ಸಂಜೆ ನಾನೇ ಹಾಕ್ಕೊಂಡು ಹೋಗ್ಬಿಡ್ಲೇನೋ?" ಒಳಗೆ ಬರುತ್ತಾ ಅಣ್ಣ ನಕ್ಕ.

ಅವನು ಯೋಚಿಸಿದ. ವೇದಿಕೆಯ ಬೆಳಕು, ಈ ಹೆಗಲು, ಈ ನಡಿಗೆ. ತಾನು ಕೆಳಗೆ, ಕತ್ತಲಲ್ಲಿ, ಜನರ ನಡುವೆ ಎಲ್ಲೋ. ಬಹುಮಾನ ಖಂಡಿತ.

"ಆಗಬಹುದು."

ಅಣ್ಣನ ನಗು ನಿಂತಿತು. "ತಮಾಷೆಗೆ ಅಂದೆ ಕಣೋ."

"ತಮಾಷೆ ಯಾಕೆ. ನಿನಗೆ ಸರಿಯಾಗಿದೆ. ಹೋಗು."

"ಮತ್ತೆ ನೀನು?"

"ನಾನು ಇದ್ದೇ ಇರ್ತೀನಲ್ಲ."

ಅಣ್ಣ ತಮ್ಮನ ಹೆಂಡತಿಯ ಕಡೆ ನೋಡಿದ. ಅವಳು ತಟ್ಟೆ ಇಡುತ್ತಿದ್ದಳು. "ಊಟಕ್ಕೆ ಏಳಿ ಭಾವ," ಎಂದಳು.

ಊಟವನ್ನೂ ಕವಚ ತೊಟ್ಟೇ ಮಾಡುತ್ತೇನೆಂದು ಅಣ್ಣ ಹಟ ಹಿಡಿದ. ಬಗ್ಗಲು ಬರುವುದಿಲ್ಲವೆಂದು ತಟ್ಟೆಯನ್ನು ಡಬ್ಬಿಯೊಂದರ ಮೇಲೆ ಎತ್ತರಕ್ಕೆ ಇಟ್ಟರು. ರಾಜ ಉಣ್ಣುವುದೇ ಹೀಗೆ ಎಂದ. ಅಮ್ಮ ನಕ್ಕು ನಕ್ಕು ಕೆಮ್ಮಿದಳು. ಹೆಂಡತಿ ಎರಡನೆಯ ಸಲ ಬಡಿಸಿದಳು, ಅಣ್ಣ ಬೇಡವೆನ್ನಲಿಲ್ಲ. ಈ ಮನೆಯಲ್ಲಿ ಇಷ್ಟು ಗದ್ದಲದ ಊಟ ನಡೆದದ್ದು ಅವನಿಗೆ ನೆನಪಿರಲಿಲ್ಲ. ಎಲ್ಲ ತನ್ನಿಂದ. ಅವನು ಕಮ್ಮಿ ಉಂಡ. ಅನ್ನ ಕಲಸುವಾಗ ಅಣ್ಣನ ತೋಳಿಗೂ ಕವಚದ ಅಂಚಿಗೂ ನಡುವೆ ಬಣ್ಣ ಉದುರುತ್ತದೋ ಎಂದು ನೋಡುವುದರಲ್ಲೇ ಹೊತ್ತು ಹೋಯಿತು. ಉದುರಲಿಲ್ಲ.

ಕೈ ತೊಳೆದು ಬಂದ ಅಣ್ಣ, "ತೆಗಿಯೋ ಇನ್ನು. ಹೊಟ್ಟೆ ಬಿಗೀತಿದೆ," ಎಂದ.

ಕೈ ಮೇಲೆತ್ತಿಸಿ, ಬಗ್ಗಿಸಿ, ಅವನು ಕವಚವನ್ನು ಎಳೆದ. ಅಣ್ಣನ ತಲೆ ಕುತ್ತಿಗೆಯ ಕಂಡಿಯಿಂದ ಒಳಗೆ ಹೋಯಿತು. ಕೈಗಳೂ ಒಳಗೆ ಹೋದವು. ಕವಚ ಅಷ್ಟು ದೂರ ಬಂದು ನಿಂತುಬಿಟ್ಟಿತು.

ಮತ್ತೆ ಎಳೆದ. ಬರಲಿಲ್ಲ. ಹಿಂದಕ್ಕೆ ತಳ್ಳಿ ಮೊದಲಿನಂತೆ ತೊಡಿಸಲು ನೋಡಿದ. ಹೋಗಲಿಲ್ಲ. ಸೊಂಟದ ಬಾಯಿ ಪಕ್ಕೆಲುಬುಗಳ ಮೇಲೆ ಹತ್ತಿ ಕಚ್ಚಿಕೊಂಡಿತ್ತು. ಒಳಗೆ ಮೇಲೆತ್ತಿದ ಕೈಗಳು ತಲೆಯ ಎರಡೂ ಕಡೆ ಸಿಕ್ಕಿಕೊಂಡಿದ್ದವು. ಉಂಗುರ ಬೆರಳಿಗೆ ಹೋಗಿ ಬರದೇ ಇರುವಂತೆ. ಹೊರಗೆ ಕಾಣುತ್ತಿದ್ದದ್ದು ಅಣ್ಣನ ಹೊಟ್ಟೆ ಮತ್ತು ಎರಡು ಕಾಲು ಮಾತ್ರ.

"ಏನೋ ಮಾಡ್ತಿದ್ದೀಯ?" ದನಿ ಬಾವಿಯೊಳಗಿಂದ ಬಂದಂತೆ ಬಂತು, ನಗುತ್ತಲೇ.

"ಉಸಿರು ಬಿಡು."

"ಬಿಟ್ಟೆ."

"ಇನ್ನೂ ಬಿಡು."

"ಬಿಟ್ಟಿದ್ದೀನಿ ಕಣೋ, ಈಗ ತಗೊಳ್ಳೋಕಾಗ್ತಿಲ್ಲ."

ಹೆಂಡತಿ ಸೋಪಿನ ನೀರು ತಂದಳು. ಎಣ್ಣೆ ತಂದಳು. ಅಂಚಿನ ಸುತ್ತ ಬೆರಳು ತೂರಿಸಿ ಸವರಿದಳು. ಅಮ್ಮ ಕವಚದ ಬೆನ್ನನ್ನು ತಟ್ಟುತ್ತ, "ಹೆದರಬೇಡ ಮಗ, ಹೆದರಬೇಡ" ಎನ್ನುತ್ತಿದ್ದಳು. ಒಳಗಿದ್ದವನಿಗೆ ಕೇಳಿಸಿದ್ದು ಬರೀ ಬಡಿತವೇನೋ. ಅಣ್ಣನ ಬಲಗಾಲು ನೆಲವನ್ನು ಒತ್ತಿತು. ಬಿಟ್ಟು ಮತ್ತೆ ಒತ್ತಿತು.

"ಕೊಯ್ರಿ," ಎಂದಳು ಹೆಂಡತಿ.

"ತಡಿ."

"ತಡಿಯೋದು ಏನು? ಗರಗಸ ಎಲ್ಲಿ?"

"ಕೋಣೇಲಿದೆ. ತರ್ತೀನಿ."

ಗರಗಸ ಮೊಳೆಗೆ ನೇತುಹಾಕಿತ್ತು, ಕಣ್ಣಿಗೆ ಕಾಣುವಂತೆ. ಅವನು ಅದನ್ನು ತೆಗೆದುಕೊಂಡ. ಹಳೆಯ ಬ್ಲೇಡು ಮೊಂಡು ಎಂದು ಹೊಸದು ಹಾಕಿದ. ಬಾಗಿಲ ತನಕ ಬಂದು, ತಿರುಗಿ ಹೋಗಿ, ಮೇಜಿನ ಮೇಲಿಂದ ಸ್ಟೀಲಿನ ಸ್ಕೇಲು ತೆಗೆದುಕೊಂಡ, ಪೆನ್ಸಿಲು ತೆಗೆದುಕೊಂಡ.

ಎಡ ಪಕ್ಕೆಯಲ್ಲಿ, ಸೊಂಟದ ಬಾಯಿಯಿಂದ ಕಂಕುಳಿನವರೆಗೆ ನೇರವಾಗಿ ಕೊಯ್ದರೆ ಆಮೇಲೆ ಒಳಗಿನಿಂದ ನಾರು ಹಾಸಿ ಕೂಡಿಸಬಹುದು. ಹೊರಗೆ ಪುಟ್ಟಿ. ಸಂಜೆಗೆ ಆಗುವುದಿಲ್ಲ. ಮುಂದಿನ ವರ್ಷಕ್ಕೆ ಆಗುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಸೊಟ್ಟಗೆ ಕೊಯ್ದರೆ ಮಾತ್ರ ಎಂದಿಗೂ ಮುಚ್ಚಲು ಬಾರದು. ಅವನು ಮಂಡಿಯೂರಿ ಕೂತು, ಸ್ಕೇಲನ್ನು ಪಕ್ಕೆಗೆ ಹಿಡಿದು, ಗೆರೆ ಎಳೆಯತೊಡಗಿದ. ಒಳಗಿನ ಉಸಿರಿಗೆ ಚಿಪ್ಪು ಏರಿಳಿಯುತ್ತಿದ್ದುದರಿಂದ ಸ್ಕೇಲು ಅಲುಗುತ್ತಿತ್ತು. "ಅಲ್ಲಾಡಬೇಡ" ಎಂದ. ಒಳಗಿನಿಂದ ಏನೋ ಸದ್ದು ಬರುತ್ತಿತ್ತು. ಗೆರೆ ಕಂಕುಳನ್ನು ಮುಟ್ಟಿದಾಗ ಆ ಸದ್ದು ನಿಂತಿತ್ತು.

"ಪೆನ್ಸಿಲ್ಲಾ?" ಎಂದಳು ಹೆಂಡತಿ. ಕಿರುಚಲಿಲ್ಲ. ನಿಜವಾಗಿಯೂ ಕೇಳಿದಳು.

ಅಣ್ಣನ 'ಬ್ರೇಕು' ಕಾಲು ಒತ್ತುವುದನ್ನು ಬಿಟ್ಟಿತ್ತು.

ಆಗ ಅವನು ಕೊಯ್ದ. ಮೊದಲ ಎಳೆತಕ್ಕೆ ಗರಗಸ ಜಾರಿತು. ಎರಡನೆಯದಕ್ಕೆ ಹಲ್ಲು ಕಚ್ಚಿತು. ಬಿಳಿ ಪುಡಿ ಎದ್ದಿತು. ಗಾಜು, ರೆಸಿನ್, ಪುಟ್ಟಿ. ಅರ್ಧಕ್ಕೆ ಬರುವಷ್ಟರಲ್ಲಿ ಬ್ಲೇಡು ಪಟ್ಟನೆ ಮುರಿಯಿತು. ಹಳೆಯ ಬ್ಲೇಡನ್ನೇ ಮತ್ತೆ ಹಾಕಿದ. ಅಮ್ಮ ಅಳುತ್ತಿದ್ದಳು, ಆದರೂ ತಲೆಯ ಒಂದು ಮೂಲೆಯಲ್ಲಿ ಯಾರೋ ತಣ್ಣಗೆ ಕೂತು ಹೇಳುತ್ತಿದ್ದರು: ನೋಡು, ಎಷ್ಟು ಗಟ್ಟಿಯಾಗಿದೆ. ಎರಡನೆಯ ಬ್ಲೇಡೂ ಕಂಕುಳಿನ ಹತ್ತಿರ ಮುರಿಯಿತು. ಉಳಿದ ಬೆರಳಗಲವನ್ನು ಹೆಂಡತಿ ಎರಡೂ ಕೈಯಿಂದ ಸೀಳಿದಳು. ಅವಳ ಅಂಗೈಯಿಂದ ರಕ್ತ ಬಂತು.

ಚಿಪ್ಪು ಬಿರಿಯಿತು. ಅಣ್ಣ ಹೊರಗೆ ಬಿದ್ದ.

ಮುಖ ಕಪ್ಪುಗಟ್ಟಿತ್ತು. ಹುಬ್ಬಿನ ಮೇಲೆ, ಕೂದಲ ಮೇಲೆ ಬಿಳಿಯ ಪುಡಿ. ಒಂದೇ ಊಟದ ಹೊತ್ತಿನಲ್ಲಿ ಮುದುಕನಾದಂತಿದ್ದ. ಉಸಿರೆಳೆದ ಸದ್ದಿಗೆ ಅಮ್ಮ ಬೆಚ್ಚಿದಳು. ಹೆಂಡತಿ ಕಿಟಕಿಗಳನ್ನೆಲ್ಲ ತೆಗೆದು, ನೀರು ತಂದು, ಮುಖಕ್ಕೆ ಚಿಮುಕಿಸಿ, ನಾಡಿ ಹಿಡಿದು ಕೂತಳು.

ಆಮೇಲೆ ಅಣ್ಣ ನಗಲು ನೋಡಿದ. "ಗಟ್ಟಿ ಮಾಡಿದ್ದೀಯ ಕಣೋ."

"ಮೂರು ಪದರ," ಎಂದ ಅವನು. "ಎಲ್ಲರೂ ಎರಡೇ ಹಾಕೋದು."

ಅಣ್ಣ ಪಕ್ಕದಲ್ಲಿ ಬಿದ್ದಿದ್ದ ಕವಚದ ಕೊಯ್ದ ಅಂಚನ್ನು ಎತ್ತಿ ನೋಡಿದ. ಅಂಚಿನುದ್ದಕ್ಕೂ ಪೆನ್ಸಿಲ್ಲಿನ ಗೆರೆ ಇನ್ನೂ ಇತ್ತು. ಅದರ ಮೇಲೆ ಬೆರಳಾಡಿಸಿದ.

"ಗೆರೆ ಹಾಕ್ದೆಯಾ?"

"ನೇರ ಬರಲಿ ಅಂತ."

"ಬಂದಿದೆ," ಎಂದ ಅಣ್ಣ. ಅಂಚನ್ನು ಮೆಲ್ಲಗೆ ಕೆಳಗಿಟ್ಟ.

ಟೀ ಕುಡಿಯದೆ ಹೊರಟರು. ಗೇಟಿನ ಹತ್ತಿರ ಅಣ್ಣ, ಅಭ್ಯಾಸಬಲದಿಂದ, ಅವನ ಹೆಗಲ ಮೇಲೆ ಕೈ ಹಾಕಿದ. ಕೈ ಜಾರಿತು. ಎಂದಿನಂತೆ ಮತ್ತೆ ಎತ್ತಿ ಹಾಕಲಿಲ್ಲ. ಅಮ್ಮ ಕಾರಿನೊಳಗೆ ಮುಂದೆ ನೋಡುತ್ತ ಕೂತಿದ್ದಳು.

ಹೆಂಡತಿ ಅಂಗೈಗೆ ಬಟ್ಟೆ ಸುತ್ತಿಕೊಂಡು ಡ್ಯೂಟಿಗೆ ತಯಾರಾದಳು. ಚಪ್ಪಲಿ ಮೆಟ್ಟುತ್ತ, ಮುಖ ಎತ್ತದೆ ಕೇಳಿದಳು:

"ಭಾವ ಒಳಗಿಂದ ಏನಂದ್ರು, ಕೇಳಿಸ್ತಾ?"

"ಯಾವಾಗ?"

"ನೀವು ಗೆರೆ ಹಾಕ್ತಿದ್ದಾಗ."

"ಸರಿಯಾಗಿ ಕೇಳಿಸ್ಲಿಲ್ಲ."

"ನಿಮ್ಮನ್ನ ಕರೀತಿದ್ರು. ಸೀಸೆ ಅಂತ ಅಲ್ಲ. ಹೆಸರು ಹಿಡಿದು." ಅವಳು ಚೀಲವನ್ನು ಹೆಗಲಿಗೆ ಹಾಕಿಕೊಂಡಳು. ಅದು ಅಲ್ಲೇ ನಿಂತಿತು. "ಬಾಗಿಲು ಹಾಕ್ಕೊಳ್ಳಿ."

ಅವನು ಬಾಗಿಲು ಹಾಕಿಕೊಂಡ.

ಸಂಜೆಯ ಬಿಸಿಲು ಹಿಂದಿನ ಕೋಣೆಗೆ ಬಂದಿತ್ತು. ಕವಚವನ್ನು ತಂದು, ಒರಸಿ, ಎಣ್ಣೆ ಸೋಪು ಎಲ್ಲ ಹೋಗುವಂತೆ ಮತ್ತೆ ಒರಸಿ, ಕೊಯ್ದ ಜಾಗವನ್ನು ಬೆಳಕಿಗೆ ಹಿಡಿದ. ಒಳಪದರಗಳು ಅಚ್ಚುಕಟ್ಟಾಗಿದ್ದವು: ಬಿಳಿ, ಹಳದಿ, ಮತ್ತೆ ಬಿಳಿ, ನಡುವೆ ಕೂದಲೆಳೆಯಷ್ಟು ಕಂದು. ಅದೇ ಕಾಗದ. ಇಷ್ಟು ತೆಳ್ಳಗಿನದು ಇಷ್ಟನ್ನೆಲ್ಲ ಹೊತ್ತಿತ್ತು.

ಈಗ ಕೈಯೆತ್ತಿ ನುಸುಳುವ ಅಗತ್ಯವಿರಲಿಲ್ಲ. ಪಕ್ಕೆಯನ್ನು ಬಾಗಿಲಿನಂತೆ ತೆರೆದು ಒಳಗೆ ಹೋದ. ಕೊಯ್ದ ಎರಡು ಅಂಚುಗಳನ್ನು ಒಂದರ ಮೇಲೊಂದು ಬರುವಂತೆ ಎಳೆದು ಹಿಡಿದ.

ಸರಿಯಾಗಿ ಕೂತಿತು. ಸ್ಪಂಜು ಬೇಕಾಗಲಿಲ್ಲ. ಎದೆ ಎದೆಗೆ ಅಂಟಿತು, ಬೆನ್ನು ಬೆನ್ನಿಗೆ ಅಂಟಿತು, ಹೆಗಲು ಹೆಗಲಿಗೆ ಬಂತು. ಇಷ್ಟು ತಿಂಗಳಲ್ಲಿ ಮೊದಲ ಸಲ ಅದು ಅವನ ಅಳತೆಯದಾಗಿತ್ತು. ಕನ್ನಡಿಯಲ್ಲಿ ಹೆಗಲಿದ್ದ ಒಬ್ಬ ಮನುಷ್ಯ, ಗಾಯಗೊಂಡವನಂತೆ ಎರಡೂ ಕೈಯಿಂದ ತನ್ನ ಎಡ ಪಕ್ಕೆಯನ್ನು ಅಮುಕಿ ಹಿಡಿದು, ನೆಟ್ಟಗೆ ನಿಂತಿದ್ದ. ಚೆನ್ನಾಗಿತ್ತು. ನಿಜವಾಗಿಯೂ ಚೆನ್ನಾಗಿತ್ತು.

ಹೊರಗೆ ಕರೆಗಂಟೆಯ ಸದ್ದಾಯಿತು.

ಅಣ್ಣ ಏನಾದರೂ ಮರೆತು ಹೋಗಿರಬಹುದು. ಹೆಂಡತಿ ಇರಬಹುದು. ಹೆಡ್‌ಮಾಸ್ತರು ಇನ್ನೊಮ್ಮೆ ನೋಡಲು ಬಂದಿರಬಹುದು. ಬಾಗಿಲು ತೆಗೆಯಲು ಕೈ ಬೇಕು. ಕೈ ಬಿಟ್ಟರೆ ಚಿಪ್ಪು ತೆರೆದುಕೊಳ್ಳುತ್ತದೆ. ಅವನು ಅಲುಗಲಿಲ್ಲ. ಗಂಟೆ ಮತ್ತೊಮ್ಮೆ ಸದ್ದು ಮಾಡಿತು. ಯಾರೋ ಹೆಸರು ಹಿಡಿದು ಕರೆದಂತಾಯಿತು. ಕವಚದೊಳಗೆ ತನ್ನದೇ ಉಸಿರಿನ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ. ಆಮೇಲೆ ಮೆಟ್ಟಿಲು ಇಳಿದುಹೋದ ಹೆಜ್ಜೆಗಳು.

ಅವನು ಎದೆ ಸೆಟೆಸಿ ನಿಂತು, ದಿನವೂ ವರದಿಗೆ ಮಾಡುವ ಹಾಗೆ, ಮನಸ್ಸಿನಲ್ಲೇ ಎಣಿಸಿದ. ಹೋದದ್ದು: ಕವಚ ಒಂದು. ಗರಗಸದ ಬ್ಲೇಡು ಎರಡು. ಸ್ಪಂಜು ಆರು ತುಂಡು. ಮನುಷ್ಯರು: ಇಲ್ಲ.